ಕೌದಿಯ ಕೆಳಗಿನ ನೆಲ

ಅಮೆರಿಕದ ಅಲಬಾಮಾ ರಾಜ್ಯದ ವಿಲ್ಕಾಕ್ಸ್ ಕೌಂಟಿಯ ಹೆಸರು ಹೊರಜಗತ್ತಿನ ಕಿವಿಗೆ ಬಿದ್ದದ್ದೇ ಕೌದಿಗಳಿಂದ. ಅಲಬಾಮಾ ನದಿ ದೊಡ್ಡದಾಗಿ ಬಳಸಿ ಹರಿಯುವ ಕಡೆ, ಮೂರು ದಿಕ್ಕಿಗೂ ನೀರಿರುವ ಜೀಸ್ ಬೆಂಡ್ ಎಂಬ ಊರಿದೆ. ಆ ಊರಿನ ಕಪ್ಪು ಸಮುದಾಯದ ಹೆಂಗಸರು ಹಳೆ ಬಟ್ಟೆ ಕೂಡಿಸಿ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡು, ವರ್ಷದ ಕೊನೆಗೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಸೇರಿದವು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಕಲಾವಿಮರ್ಶಕ ಮೈಕೆಲ್ ಕಿಮೆಲ್ಮನ್ ಅವನ್ನು ಆಧುನಿಕ ಅಮೆರಿಕದ ಅತ್ಯುತ್ತಮ ಕಲಾಕೃತಿಗಳ ಸಾಲಿನಲ್ಲಿಟ್ಟು ಬರೆದರು. 2006ರಲ್ಲಿ ಅಂಚೆ ಇಲಾಖೆ ಹತ್ತು ಕೌದಿಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರತಂದಿತು. ಇಷ್ಟು ಚಿಕ್ಕ ಊರಿನಲ್ಲಿ ಇಂಥ ಕಲೆ ತಲೆಮಾರುಗಳವರೆಗೆ ಹೇಗೆ ಉಳಿಯಿತು ಎಂಬ ಪ್ರಶ್ನೆಗೆ ಅಂದಿನಿಂದ ಒಂದೇ ಉತ್ತರ ಚಲಾವಣೆಯಲ್ಲಿದೆ: ಊರು ನದಿಯ ಮರೆಯಲ್ಲಿತ್ತು, ಹೊರಗಿನ ಗಾಳಿ ಸೋಕಲಿಲ್ಲ, ಅದಕ್ಕೇ ಉಳಿಯಿತು. ಕೇಳಲು ಸೊಗಸಾದ ಈ ಉತ್ತರವನ್ನು ಕೌಂಟಿಯ ಚರಿತ್ರೆ ಒಪ್ಪುವುದಿಲ್ಲ. ಕೌದಿ ಉಳಿದದ್ದು ಅದನ್ನು ಹೊಲಿದವರ ಕಾಲಡಿಯ ನೆಲ 1940ರ ದಶಕದಲ್ಲಿ ಅವರ ಹೆಸರಿಗೆ ಬಂದದ್ದರಿಂದ ಎಂಬುದು ನನ್ನ ವಾದ.

ಈ ಕೌಂಟಿಯ ಕಥೆ ಶುರುವಾಗುವುದೇ ಜಮೀನಿನ ಕಾಗದಪತ್ರದಿಂದ. 1814ರ ಆಗಸ್ಟಿನಲ್ಲಿ ಫೋರ್ಟ್ ಜಾಕ್ಸನ್ ಒಪ್ಪಂದದ ಮೂಲಕ ಕ್ರೀಕ್ ಬುಡಕಟ್ಟಿನ ಜನರಿಂದ ಎರಡು ಕೋಟಿ ಎಕರೆಗೂ ಹೆಚ್ಚು ನೆಲ ಕಿತ್ತುಕೊಳ್ಳಲಾಯಿತು. ಆ ನೆಲದ ಒಂದು ತುಂಡನ್ನು 1819ರ ಡಿಸೆಂಬರ್ 13ರಂದು ಕೌಂಟಿಯಾಗಿ ಮಾಡಿದರು. ಮರುದಿನವೇ ಅಲಬಾಮಾ ಅಮೆರಿಕದ ಒಕ್ಕೂಟ ಸೇರಿತು. ಕೌಂಟಿಗೆ ಇಟ್ಟ ಹೆಸರೂ ಕ್ರೀಕರ ಮೇಲಿನ ಯುದ್ಧದಲ್ಲಿ ಸತ್ತ ಜೋಸೆಫ್ ವಿಲ್ಕಾಕ್ಸ್ ಎಂಬ ಸೇನಾಧಿಕಾರಿಯದು. ಅಲಬಾಮಾದ ನಡುವೆ ನಡುಪಟ್ಟಿಯಂತೆ ಹಾದುಹೋಗುವ ಕಪ್ಪು ಮಣ್ಣಿನ ಸೀಮೆಯಲ್ಲಿ ವಿಲ್ಕಾಕ್ಸ್ ಕೂಡ ಸೇರಿದೆ. ಹತ್ತಿಗೆ ಹೇಳಿ ಮಾಡಿಸಿದಂಥ ನೆಲ. ಅಲ್ಲಿನ ಹತ್ತಿಗೂ ನಮಗೂ ಹಳೆಯ ನಂಟೊಂದಿದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತಿ ಬೇಸಾಯ ಬಲ್ಲವರನ್ನು ಕರೆಸಿ, ನ್ಯೂ ಆರ್ಲಿಯನ್ಸ್ ಬೀಜವನ್ನು ಭಾರತದ ಹಲವೆಡೆ ಬಿತ್ತಿಸಿತು. ಬೇರೆಡೆ ಹೆಚ್ಚಾಗಿ ಸೋತ ಆ ಪ್ರಯೋಗ ಧಾರವಾಡದ ಎರೆ ನೆಲದಲ್ಲಿ ಕೈಹಿಡಿಯಿತು. 'ಧಾರವಾಡ-ಅಮೆರಿಕನ್' ಎಂಬ ಹೆಸರಿನಲ್ಲೇ ಆ ಹತ್ತಿ ಪೇಟೆಗೆ ಹೋಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಅರಳೆ ಲಂಕಾಷೈರಿನ ಗಿರಣಿಗಳಿಗೆ ಬರುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಬೀಜ ಹಡಗು ಹತ್ತಿ ಇಲ್ಲಿಗೆ ಬಂತು, ಅದನ್ನು ಅಲ್ಲಿ ಬೆಳೆಯುತ್ತಿದ್ದವರ ಬದುಕಿನ ಸುದ್ದಿ ಬರಲಿಲ್ಲ. ಅಂತರ್ಯುದ್ಧದ ಹೊತ್ತಿಗೆ ವಿಲ್ಕಾಕ್ಸಿನಲ್ಲಿದ್ದ ನೂರು ಜನರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಗುಲಾಮರಾಗಿದ್ದರು.

ಜೀಸ್ ಬೆಂಡ್‌ಗೆ ಆ ಹೆಸರು ಬಂದದ್ದು ನಾರ್ತ್ ಕ್ಯಾರೊಲಿನಾದಿಂದ 1816ರಲ್ಲಿ ಬಂದು ಅಲ್ಲಿ ತೋಟ ಹಾಕಿದ ಜೋಸೆಫ್ ಜೀ ಎಂಬಾತನಿಂದ. ಅವನ ವಾರಸುದಾರರು ಸಂಬಂಧಿಯೊಬ್ಬನಿಗೆ ಸಾಲ ತೀರಿಸಲಾಗದೆ, 1845ರಲ್ಲಿ ಇಡೀ ತೋಟವನ್ನು ಅವನಿಗೇ ಬಿಟ್ಟುಕೊಟ್ಟರು. ಸಾಲದ ಮೊತ್ತ 29,000 ಡಾಲರ್. ಸಾಲ ಕೊಟ್ಟವನ ಹೆಸರು ಮಾರ್ಕ್ ಪೆಟ್ವೇ. ಮರುವರ್ಷ ಅವನು ನಾರ್ತ್ ಕ್ಯಾರೊಲಿನಾದಿಂದ ತನ್ನ ಮನೆಮಂದಿಯನ್ನು ಗಾಡಿಗಳಲ್ಲಿ ಕರೆತಂದ. ಅವನ ಒಡೆತನದಲ್ಲಿದ್ದ ಸುಮಾರು ನೂರು ಗುಲಾಮರು ಅಷ್ಟು ದೂರವನ್ನೂ ಕಾಲ್ನಡಿಗೆಯಲ್ಲಿ ಬಂದರು. ಇವತ್ತಿಗೂ ಊರಿನ ಬಹಳಷ್ಟು ಮನೆಗಳ ಅಡ್ಡಹೆಸರು ಪೆಟ್ವೇ. ಜಗತ್ತಿನ ಮ್ಯೂಸಿಯಂಗಳಲ್ಲಿ ಕೌದಿಗಳ ಕೆಳಗೆ ಮೇಲಿಂದ ಮೇಲೆ ಕಾಣುವ ಆ ಹೆಸರು ಒಂದು ಸಾಲದ ವಸೂಲಾತಿಯ ಜೊತೆ ಈ ಊರಿಗೆ ಬಂದದ್ದು. ಗುಲಾಮಗಿರಿ ಮುಗಿದ ಮೇಲೂ ಅಲ್ಲೇ ಉಳಿದವರು ಗೇಣಿದಾರರಾದರು. ತೋಟ ಮುಂದೆ ಟಸ್ಕಲೂಸಾ ನಗರದ ವಾನ್ ಡಿ ಗ್ರಾಫ್ ಕುಟುಂಬದ ಕೈಗೆ ಹೋಯಿತು. ಒಡೆಯರು ಊರಲ್ಲಿರಲಿಲ್ಲ, ಗೇಣಿ ಮಾತ್ರ ವರ್ಷವರ್ಷವೂ ಸಲ್ಲಬೇಕಿತ್ತು.

ಗೇಣಿದಾರನಿಗೆ ಬೀಜ, ಗೊಬ್ಬರ, ಹಿಟ್ಟು, ಉಪ್ಪು ಎಲ್ಲವೂ ಕೌಂಟಿ ಕೇಂದ್ರವಾದ ಕ್ಯಾಮ್ಡನ್ನಿನ ವ್ಯಾಪಾರಿಯಿಂದ ಸಾಲದ ಮೇಲೆ ಬರಬೇಕು, ಸುಗ್ಗಿಯಲ್ಲಿ ಹತ್ತಿ ಕೊಟ್ಟು ತೀರಿಸಬೇಕು. 1920ರ ದಶಕದಲ್ಲಿ ಹತ್ತಿ ಬೆಲೆ ಕುಸಿಯುತ್ತ ಹೋದ ಹಾಗೆ ಬಾಕಿ ಬೆಳೆಯಿತು. 1932ರಲ್ಲಿ ಸಾಲ ಕೊಟ್ಟಿದ್ದ ವ್ಯಾಪಾರಿ ತೀರಿಕೊಂಡ. ಅವನ ಮನೆಯವರು ವಸೂಲಿಗೆ ಇಳಿದರು. ಬಂದ ಜನ ಹೇಸರಗತ್ತೆ, ಹಸು, ಹಂದಿ, ಕೋಳಿ, ನೇಗಿಲು, ಗಾಡಿ, ಕಣಜದ ಜೋಳ, ಗೆಣಸಿನ ರಾಶಿ ಒಂದನ್ನೂ ಬಿಡದೆ ಹೇರಿಕೊಂಡು ಹೋದರು. ಚಳಿಗಾಲ ಎದುರಿಗಿತ್ತು. ಕಾಡಿನ ಹಣ್ಣು, ನದಿಯ ಮೀನು, ಸಿಕ್ಕ ಬೇಟೆ, ರೆಡ್ ಕ್ರಾಸ್ ಕಳಿಸಿದ ಹಿಟ್ಟು, ಇವುಗಳ ಮೇಲೆ ಊರು ಜೀವ ಹಿಡಿದುಕೊಂಡಿತು. ಆ ಮನೆಗಳ ಒಳಗೋಡೆಯ ಸಂದಿಗಳಿಗೆ ಚಳಿ ತಡೆಯಲೆಂದು ಹಳೆ ಪತ್ರಿಕೆಗಳನ್ನು ಅಂಟಿಸಿದ್ದನ್ನು, ಹಾಸಿಗೆಯ ಮೇಲೆ ಪದರ ಪದರವಾಗಿ ಕೌದಿ ಹೊದ್ದದ್ದನ್ನು ನೆನಪಿಟ್ಟುಕೊಂಡೇ ಆ ಕೌದಿಗಳನ್ನು ನೋಡಬೇಕು. ಗೊಬ್ಬರದ ಚೀಲ, ಹಿಟ್ಟಿನ ಚೀಲ, ಸವೆದ ಡೆನಿಮ್ ಪ್ಯಾಂಟು ಅವುಗಳಲ್ಲಿ ಸೇರಿಕೊಂಡದ್ದು ಬೇರೆ ಬಟ್ಟೆ ಇರಲಿಲ್ಲ ಎಂಬ ಕಾರಣಕ್ಕೆ.

ಇಲ್ಲಿಯವರೆಗಿನ ಕಥೆ ದಕ್ಷಿಣದ ಕಪ್ಪು ಮಣ್ಣಿನ ಸೀಮೆಯ ಎಷ್ಟೋ ಊರುಗಳ ಕಥೆಯೇ. ಸಾಲ, ಜಪ್ತಿ, ಹಸಿವು ಎಲ್ಲೆಡೆ ಇದ್ದವು, ಕೌದಿ ಹೊಲಿಯುವ ಕೈಗಳೂ ಎಲ್ಲೆಡೆ ಇದ್ದವು. ಜೀಸ್ ಬೆಂಡ್ ಬೇರೆ ದಾರಿ ಹಿಡಿದದ್ದು ಇದರ ನಂತರ. ಕ್ಯಾಮ್ಡನ್ನಿನ ಪ್ರೆಸ್ಬಿಟೇರಿಯನ್ ಪಾದ್ರಿ ರೆನ್ವಿಕ್ ಕೆನಡಿ ಈ ಊರಿನ ದುರವಸ್ಥೆಯ ಬಗ್ಗೆ ಪತ್ರಿಕೆಯಲ್ಲಿ ಬರೆದರು. ಅಧ್ಯಕ್ಷ ರೂಸ್ವೆಲ್ಟ್ ಕಾಲದ ಪುನರ್ವಸತಿ ಇಲಾಖೆಯ ಕಣ್ಣು ಇತ್ತ ತಿರುಗಿತು. 1937ರಲ್ಲಿ ಆ ಇಲಾಖೆಯ ಛಾಯಾಗ್ರಾಹಕ ಆರ್ಥರ್ ರಾತ್‌ಸ್ಟೀನ್ ಬಂದು ತೆಗೆದ ಚಿತ್ರಗಳಲ್ಲಿ ಮರದ ದಿಮ್ಮಿಯ ಗುಡಿಸಲಿನ ಕಿಟಕಿಯಿಂದ ಹೊರಗೆ ನೋಡುತ್ತಿರುವ ಹುಡುಗಿಯ ಚಿತ್ರ ಪ್ರಸಿದ್ಧವಾಯಿತು. ಅವಳ ಪಕ್ಕದ ಕಿಟಕಿ ಬಾಗಿಲಿಗೆ ಮೆತ್ತಿದ ಪತ್ರಿಕೆಯ ಹಾಳೆಯಲ್ಲಿ ನಗುಮುಖದ ಬಿಳಿಯ ಹೆಂಗಸಿನ ಜಾಹೀರಾತು ಕಾಣುತ್ತದೆ. ಚಿತ್ರ ತೆಗೆಸಿದ ಸರ್ಕಾರ ಅಷ್ಟಕ್ಕೇ ನಿಲ್ಲಲಿಲ್ಲ. ಸುಮಾರು 10,000 ಎಕರೆಯ ಹಳೆಯ ತೋಟವನ್ನು ಒಡೆಯರಿಂದ ಕೊಂಡಿತು, ಹಂಚಿತು, ಹೊಸ ಮನೆಗಳು, ಶಾಲೆ, ಅಂಗಡಿ, ಹತ್ತಿ ಜಿನ್ ಕಟ್ಟಿಸಿತು. 1940ರ ದಶಕದಲ್ಲಿ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲದ ಮೇಲೆ ಊರಿನ ಕುಟುಂಬಗಳು ತಾವು ಉಳುತ್ತಿದ್ದ ನೆಲವನ್ನೂ ಆ ಮನೆಗಳನ್ನೂ ಕೊಂಡುಕೊಂಡವು. ಅವನ್ನು ಊರವರು ಈಗಲೂ ರೂಸ್ವೆಲ್ಟ್ ಮನೆಗಳೆಂದೇ ಕರೆಯುತ್ತಾರೆ. ಪೆಟ್ವೇಯ ಗುಲಾಮರ ಮೊಮ್ಮಕ್ಕಳು, ಮರಿಮಕ್ಕಳು ಅದೇ ಪೆಟ್ವೇ ತೋಟದ ಖಾತೆದಾರರಾದರು. ಅಮೆರಿಕದ ದಕ್ಷಿಣ ರಾಜ್ಯಗಳ ಚರಿತ್ರೆಯಲ್ಲಿ ಇಂಥದ್ದು ಅಪರೂಪ, ನನ್ನ ಮಟ್ಟಿಗೆ ಈ ಕೌಂಟಿಯ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಇನ್ನೊಂದಿಲ್ಲ.

ಈ ಖಾತೆಯ ಬೆಲೆ ತಿಳಿದದ್ದು ಇಪ್ಪತ್ತು ವರ್ಷದ ನಂತರ. ವಿಲ್ಕಾಕ್ಸಿನಲ್ಲಿ ಕಪ್ಪು ಜನರೇ ಬಹುಸಂಖ್ಯಾತರು. ಆದರೂ 1965ರ ಆರಂಭದವರೆಗೆ ಕೌಂಟಿಯ ಮತದಾರರ ಪಟ್ಟಿಯಲ್ಲಿ ಅವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. 1960ರ ದಶಕದ ಮೊದಲ ವರ್ಷಗಳಲ್ಲಿ ಹೆಸರು ಬರೆಸಲು ಕ್ಯಾಮ್ಡನ್ನಿನ ಕೋರ್ಟಿಗೆ ಹೊರಟವರಲ್ಲಿ ಮುಂಚೂಣಿಯಲ್ಲಿದ್ದವರು ಜೀಸ್ ಬೆಂಡಿನ ರೈತರು. ಅವರಿಗೇ ಯಾಕೆ ಆ ಧೈರ್ಯ? ಅವರಿಗೆ ಒಡೆಯನಿರಲಿಲ್ಲ. ಕೌಂಟಿಯ ಬೇರೆ ಊರುಗಳಲ್ಲಿ ಮತದಾರನಾಗಲು ಹೋದ ಗೇಣಿದಾರನಿಗೆ ಮನೆಗೆ ಬರುವಷ್ಟರಲ್ಲಿ ಜಾಗ ಖಾಲಿ ಮಾಡಲು ಹೇಳಿಕೆ ಬರುತ್ತಿತ್ತು. ಮೂರು ತಲೆಮಾರು ಉತ್ತ ನೆಲವನ್ನು ಬಿಟ್ಟು ಹೆಂಡತಿ ಮಕ್ಕಳೊಂದಿಗೆ ರಸ್ತೆಗೆ ಬೀಳಬೇಕಿತ್ತು. ಬೆಂಡಿನವರನ್ನು ಹಾಗೆ ಎಬ್ಬಿಸುವಂತಿರಲಿಲ್ಲ. ಹಾಗಾಗಿ ಅವರ ಮೇಲೆ ಬೇರೆ ಆಯುಧ ಬಂತು. 1962ರಲ್ಲಿ ಊರಿಗೂ ಕ್ಯಾಮ್ಡನ್ನಿಗೂ ನಡುವೆ ಓಡಾಡುತ್ತಿದ್ದ, ನಮ್ಮ ಸಿಗಂದೂರಿನಲ್ಲಿದ್ದ ಲಾಂಚಿನಂತೆ ವಾಹನಗಳನ್ನೂ ದಾಟಿಸುತ್ತಿದ್ದ ದೋಣಿ ಸೇವೆಯನ್ನು ನಿಲ್ಲಿಸಲಾಯಿತು. ಕಾಲು ಗಂಟೆಯ ದಾರಿ ಸುತ್ತುಬಳಸಿನ ರಸ್ತೆಯಲ್ಲಿ ಸುಮಾರು 40 ಮೈಲಿಯಾಯಿತು. ಆಸ್ಪತ್ರೆ, ಕೋರ್ಟು, ಅಂಗಡಿ ಎಲ್ಲವೂ ಆಚೆ ದಡದಲ್ಲಿ. ಆದರೂ ಜನ ಹಿಂದೆ ಸರಿಯಲಿಲ್ಲ. 1965ರ ಫೆಬ್ರವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಈ ಊರಿನ ಚರ್ಚಿಗೆ ಬಂದು ಮಾತಾಡಿದರು. ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂತು. 1978ರಲ್ಲಿ ಕೌಂಟಿಗೆ ಮೊದಲ ಕಪ್ಪು ಷೆರೀಫ್ ಆಗಿ ಪ್ರಿನ್ಸ್ ಆರ್ನಾಲ್ಡ್ ಆಯ್ಕೆಯಾದರು.

ಊರು ಹೊರಗಿನ ಗಾಳಿ ಸೋಕದೆ ಇತ್ತು ಎನ್ನುವವರು ಈ ದೋಣಿಯ ಕಥೆಯನ್ನು ಗಮನವಿಟ್ಟು ಕೇಳಬೇಕು. ನದಿ ಅಲ್ಲಿ ಮೊದಲಿಂದಲೂ ಹರಿಯುತ್ತಿತ್ತು. ಅದು ಗೋಡೆಯಾದದ್ದು 1962ರಲ್ಲಿ, ಅಧಿಕಾರದಲ್ಲಿದ್ದವರ ತೀರ್ಮಾನದಿಂದ. ಅದನ್ನು ಭೂಗೋಳದ ಲೆಕ್ಕಕ್ಕೆ ಹಾಕುವುದು ಮಾಡಿದವರನ್ನು ಮರೆಮಾಚಿದಂತೆ. ಇನ್ನು ಊರು ಯಾರಿಗೂ ಕಾಣದೆ ಇತ್ತು ಎಂಬ ಮಾತೂ ನಿಲ್ಲುವುದಿಲ್ಲ. 1937ರಲ್ಲಿ ರಾತ್‌ಸ್ಟೀನ್, 1939ರಲ್ಲಿ ಮರಿಯನ್ ಪೋಸ್ಟ್ ವೋಲ್ಕಾಟ್ ಫೋಟೊ ತೆಗೆಯಲು ಬಂದರು. 1941ರಲ್ಲಿ ರಾಬರ್ಟ್ ಸಾಂಕಿನ್ ಬಂದು ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಊರವರ ಮಾತು, ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. 1965ರ ಕೊನೆಗೆ ಫ್ರಾನ್ಸಿಸ್ ವಾಲ್ಟರ್ ಎಂಬ ಎಪಿಸ್ಕೋಪಲ್ ಪಾದ್ರಿ ಈ ಸೀಮೆಗೆ ಬಂದದ್ದು ಹಕ್ಕು ಕೇಳಿದವರ ಮೇಲಿನ ದೌರ್ಜನ್ಯವನ್ನು ದಾಖಲಿಸುವುದಕ್ಕೆ. ದಾರಿಯಲ್ಲಿ ಹಗ್ಗದ ಮೇಲೆ ಒಣಹಾಕಿದ್ದ ಕೌದಿಗಳು ಅವರ ಕಣ್ಣಿಗೆ ಬಿದ್ದವು. ತಲಾ ಹತ್ತು ಡಾಲರಿಗೆ ಕೌದಿಗಳನ್ನು ಕೊಂಡು ನ್ಯೂಯಾರ್ಕಿನಲ್ಲಿ ಹರಾಜು ಹಾಕಿಸಿದರು. 1966ರ ಮಾರ್ಚಿನಲ್ಲಿ ಬೆಂಡಿನ ಮತ್ತು ಅಕ್ಕಪಕ್ಕದ ಊರುಗಳ ಹೆಂಗಸರು ಸೇರಿ ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಕಟ್ಟಿದರು. ಎಸ್ಟೆಲ್ ವಿದರ್‌ಸ್ಪೂನ್ ಅದನ್ನು ವರ್ಷಗಟ್ಟಲೆ ಮುನ್ನಡೆಸಿದರು. ನ್ಯೂಯಾರ್ಕಿನ ದೊಡ್ಡ ಅಂಗಡಿಗಳಿಂದ ಬೇಡಿಕೆ ಬಂತು, 1972ರಲ್ಲಿ ಸಿಯರ್ಸ್ ಕಂಪನಿ ಕಾರ್ಡುರಾಯ್ ದಿಂಬಿನ ಹೊದಿಕೆಗಳಿಗೆ ಗುತ್ತಿಗೆ ಕೊಟ್ಟಿತು. ಗುತ್ತಿಗೆ ಕೆಲಸದಲ್ಲಿ ಎಲ್ಲವೂ ಒಂದೇ ಅಳತೆ, ಒಂದೇ ಹೊಲಿಗೆ. ಅಲ್ಲಿ ಕೈಯ ಇಷ್ಟಕ್ಕೆ ಜಾಗವಿರಲಿಲ್ಲ. ಆದರೆ ಉಳಿದ ಕಾರ್ಡುರಾಯ್ ತುಂಡುಗಳು ಮನೆಗೆ ಹೋದವು. ಬಂಗಾರದ ಬಣ್ಣ, ಅವಕಾಡೊ ಹಸಿರು, ಕೆಂಪು, ಚಾಕೊಲೇಟ್ ಕಂದು ಬಣ್ಣದ ಆ ತುಂಡುಗಳಿಂದ ಹೆಂಗಸರು ತಮಗಾಗಿ ಹೊಲಿದ ಕೌದಿಗಳು ಇವತ್ತು ಮ್ಯೂಸಿಯಂಗಳ ಹೆಮ್ಮೆ. ಹೊರಗಿನ ಪೇಟೆ ಒಳಗೆ ಬಂದಾಗ ಕಲೆ ಕೆಡಲಿಲ್ಲ, ಹೊಸ ಬಟ್ಟೆ ಸಿಕ್ಕಿತು ಎಂದು ಇನ್ನಷ್ಟು ಬೆಳೆಯಿತು.

ಈ ಸಹಕಾರ ಸಂಘ ಗಳಿಸಿದ ಹಣದಲ್ಲಿ ಏನು ಮಾಡಿತು ಎಂಬುದು ನನ್ನ ವಾದಕ್ಕೆ ಮುಖ್ಯ. ಹೊಲಿಗೆ ಕಟ್ಟಡಕ್ಕಾಗಿ ಅದು 23 ಎಕರೆ ಜಮೀನು ಕೊಂಡಿತು. ಅದರಲ್ಲೇ ಒಂದಷ್ಟು ನಿವೇಶನಗಳನ್ನು ಹಕ್ಕು ಕೇಳಿದ ತಪ್ಪಿಗೆ ನೆಲ ಕಳೆದುಕೊಂಡ ಕುಟುಂಬಗಳಿಗೆ ಮಾರಿತು. ಕೌದಿ ಹೊಲಿಯುವವರಿಗೆ ಮೊದಲು ಬೇಕಾದದ್ದು ಯಾರೂ ಎಬ್ಬಿಸಲಾರದ ಒಂದು ಜಾಗ ಎಂಬುದನ್ನು ಆ ಹೆಂಗಸರು ಕಲಾವಿಮರ್ಶಕರಿಗಿಂತ ಮೂವತ್ತು ವರ್ಷ ಮೊದಲೇ ಬಲ್ಲವರಾಗಿದ್ದರು.

ಆಫ್ರಿಕದ ಪರಂಪರೆ ರಕ್ತದಲ್ಲೇ ಉಳಿದುಬಂತು, ನೆಲದ ಮಾತೇಕೆ ಎಂದು ಕೇಳುವವರಿದ್ದಾರೆ. ಬೆಂಡಿನ ಕೌದಿಗಳ ಉದ್ದ ಪಟ್ಟಿಗಳನ್ನೂ ನಿಯಮಕ್ಕೆ ಸಿಗದ ಬಣ್ಣದ ಜೋಡಣೆಯನ್ನೂ ಪಶ್ಚಿಮ ಆಫ್ರಿಕದ ನೇಯ್ಗೆಗೆ ಹೋಲಿಸಿದವರುಂಟು. ಈ ವಾದವನ್ನು ಪರೀಕ್ಷಿಸಲು ಕರ್ನಾಟಕದಲ್ಲೇ ಒಂದು ಸಾಕ್ಷ್ಯವಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕ ಮೂಲದ ಸಿದ್ದಿ ಹೆಂಗಸರು ಹಳೆ ಸೀರೆ, ಅಂಗಿಗಳಿಂದ ಹೊಲಿಯುವ ಕೌದಿಗಳಿಗೂ ಜೀಸ್ ಬೆಂಡಿನವಕ್ಕೂ ಇರುವ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವುಗಳನ್ನು ಅಧ್ಯಯನ ಮಾಡಿ 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನವನ್ನೂ ಏರ್ಪಡಿಸಿದರು. ಆದರೆ ಸಿದ್ದಿಯರ ಪೂರ್ವಜರು ಬಹುಪಾಲು ಪೂರ್ವ ಆಫ್ರಿಕದಿಂದ ಗೋವೆಯ ಪೋರ್ಚುಗೀಸರ ಮೂಲಕ ಬಂದವರು, ಅಲಬಾಮಾದವರದು ಹೆಚ್ಚಾಗಿ ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಮೂಲ. ಹೊಲಿಯುವ ಕ್ರಮವೂ ಬೇರೆ: ಸಿದ್ದಿ ಹೆಂಗಸು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾಳೆ, ತುಂಡುಗಳನ್ನು ನೇರ ಕೆಳಬಟ್ಟೆಯ ಮೇಲೇ ಕೂರಿಸುತ್ತಾಳೆ, ನಾಲ್ಕು ಮೂಲೆಗೂ ಹೂವು ಮಡಿಸಿಟ್ಟು ಮುಗಿಸುತ್ತಾಳೆ, ಬೆಂಡಿನಲ್ಲಿ ಮೇಲಿನ ಪದರವನ್ನು ಮೊದಲು ಕೂಡಿಸಿ, ಆಮೇಲೆ ಹತ್ತಿ ತುಂಬಿ ದಾರ ಹಾಕುತ್ತಾರೆ. ಇಬ್ಬರಿಗೂ ನಿಜವಾಗಿ ಸಮಾನವಾಗಿರುವುದು ಬಟ್ಟೆಯ ಕೊರತೆ, ಚಳಿ, ಕೂಡಿಸುವಾಗಿನ ಸ್ವಾತಂತ್ರ್ಯ, ಮತ್ತು ನೆಲದ ಪ್ರಶ್ನೆ. ಉತ್ತರ ಕನ್ನಡದ ಸಿದ್ದಿಯರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ, 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕುವ ದಾರಿ ಸಿಕ್ಕಿತು. ಅವರ ಕೌದಿಯ ನಾಳೆಯೂ ಕಾಡಂಚಿನ ಆ ಜಮೀನಿನ ಹಕ್ಕುಪತ್ರಕ್ಕೆ ಕಟ್ಟಿಕೊಂಡಿದೆ.

ಇನ್ನೊಂದು ಆಕ್ಷೇಪಣೆ ಗಟ್ಟಿಯಾದದ್ದು. ನೆಲ ಸಿಕ್ಕಿದ್ದರೆ ಊರು ಯಾಕೆ ಬಡವಾಗಿಯೇ ಉಳಿಯಿತು? ಯುವಕರು ಯಾಕೆ ಊರು ಬಿಟ್ಟರು? 1960ರ ದಶಕದಲ್ಲಿ ಕೇಂದ್ರ ಸರ್ಕಾರದ ಎಂಜಿನಿಯರುಗಳು ಮಿಲ್ಲರ್ಸ್ ಫೆರಿ ಎಂಬಲ್ಲಿ ಅಲಬಾಮಾ ನದಿಗೆ ಅಣೆಕಟ್ಟು ಕಟ್ಟಿದರು. ಬೆಂಡಿನ ನದಿದಂಡೆಯ ಅತ್ಯಂತ ಫಲವತ್ತಾದ ಹೊಲಗಳು ಹಿನ್ನೀರಿನಲ್ಲಿ ಮುಳುಗಿದವು. ಒಂದು ಕೈಯಿಂದ ಜಮೀನು ಕೊಟ್ಟ ಸರ್ಕಾರ ಮೂವತ್ತು ವರ್ಷ ತುಂಬುವ ಮೊದಲೇ ಇನ್ನೊಂದು ಕೈಯಿಂದ ಅದರ ಒಳ್ಳೆಯ ಭಾಗವನ್ನು ಹಿಂತೆಗೆದುಕೊಂಡಿತು. ಹತ್ತಿಗೆ ಮೊದಲಿನ ಕಾಲವೂ ಉಳಿದಿರಲಿಲ್ಲ. ವಿಲ್ಕಾಕ್ಸ್ ಇವತ್ತಿಗೂ ಅಮೆರಿಕದ ಕಡುಬಡ ಕೌಂಟಿಗಳಲ್ಲೊಂದು. 2020ರ ಜನಗಣತಿಯಲ್ಲಿ ಅದರ ಜನಸಂಖ್ಯೆ 10,600, ಅಂತರ್ಯುದ್ಧದ ಹಿಂದಿನ ವರ್ಷದ ಅರ್ಧವೂ ಅಲ್ಲ. ಇದೆಲ್ಲ ನಿಜ, ಒಪ್ಪಬೇಕಾದದ್ದೇ. ನೆಲ ಈ ಜನರನ್ನು ಶ್ರೀಮಂತರನ್ನಾಗಿ ಮಾಡಿತು ಎಂದು ನಾನು ಹೇಳುತ್ತಿಲ್ಲ. ಉಳಿಯಬೇಕೆಂದವರು ಉಳಿಯಲು, ಹೋದವರು ಬೇಕಾದಾಗ ಬರಲು ಒಂದು ಮನೆ ಇತ್ತು ಎಂಬುದಷ್ಟೇ ಮಾತು. ಅಜ್ಜಿಯ ಕೈಕೆಳಗೆ ಕೂತು ಮೊಮ್ಮಗಳು ಸೂಜಿ ಹಿಡಿಯಲು ಇಬ್ಬರೂ ಒಂದೇ ಊರಿನಲ್ಲಿ ಬಹುಕಾಲ ಇರಬೇಕು. ಮೇರಿ ಲೀ ಬೆಂಡಾಲ್ಫ್ ಮತ್ತು ಅವರ ಮಗಳು ಎಸ್ಸೀ ಇಬ್ಬರ ಕೌದಿಗಳೂ ಪ್ರದರ್ಶನಗಳಲ್ಲಿ ಜೊತೆಯಾಗಿ ಕಾಣುವುದು ಹಾಗೆ ಇದ್ದದ್ದರಿಂದ. ಒಡೆಯನ ಮಾತಿಗೆ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದ ನೆರೆಯ ಊರುಗಳಲ್ಲಿ ಎಂಥೆಂಥ ಕೈಗಳಿದ್ದವೋ, ಅವರ ಕೌದಿಗಳು ಎಲ್ಲಿ ಸವೆದು ಹೋದವೋ.

ಕಲೆಯನ್ನು ಕಲೆಯಾಗಿ ನೋಡಿ, ಖಾತೆ ಪಹಣಿಯ ಮೂಲಕ ನೋಡಬೇಡಿ ಎಂಬ ಮಾತಿಗೂ ಉತ್ತರ ಕೊಡಬೇಕು. ಮಿಸೌರಿ ಪೆಟ್ವೇ ಎಂಬಾಕೆ 1942ರಲ್ಲಿ ಗಂಡ ತೀರಿಕೊಂಡ ಮೇಲೆ ಅವನ ಕೆಲಸದ ಬಟ್ಟೆಗಳಿಂದಲೇ ಒಂದು ಕೌದಿ ಹೊಲಿದಳು. ಅದನ್ನು ಹೊದ್ದು ಅವನ ನೆನಪಿನಲ್ಲಿ ಮಲಗುತ್ತೇನೆ ಎಂದು ತಾಯಿ ಹೇಳಿದ್ದನ್ನು ಮಗಳು ಅರ್ಲೋನ್ಜಿಯಾ ಮುಂದೆ ನೆನೆದಿದ್ದಾರೆ. ಇಂಥ ಕೌದಿಗಳಲ್ಲಿ ಡೆನಿಮ್ಮಿನ ನೀಲಿ ಎಲ್ಲ ಕಡೆ ಒಂದೇ ಅಲ್ಲ. ಮಂಡಿಯ ಜಾಗದಲ್ಲಿ ಮಾಸಿ ಬಿಳಿಚಿಕೊಂಡಿರುತ್ತದೆ. ಜೇಬು ಬಿಚ್ಚಿದ ಕಡೆ, ಬಿಸಿಲು ತಾಗದ ಚೌಕದಲ್ಲಿ, ಮೊದಲಿನ ಕಡುನೀಲಿ ಹಾಗೇ ಇರುತ್ತದೆ. ದೂರದಿಂದ ನೋಡಿದವರಿಗೆ ಅದು ಬಣ್ಣದ ಸೂಕ್ಷ್ಮ ಏರಿಳಿತ. ಹತ್ತಿರ ಹೋದರೆ ಅದು ಮಂಡಿಯೂರಿ ಹೊಲದ ಕೆಲಸ ಮಾಡಿದ ಒಬ್ಬ ಮನುಷ್ಯನ ವರ್ಷಗಳ ಗುರುತು. ಎರಡೂ ನೋಟ ಒಂದೇ ಬಟ್ಟೆಯ ಮೇಲಿವೆ. ಎರಡನೆಯದನ್ನು ಬಿಟ್ಟವನಿಗೆ ಮೊದಲನೆಯದೂ ಪೂರ್ತಿ ಕಾಣುವುದಿಲ್ಲ. ಕೌದಿಗಳು ಮ್ಯೂಸಿಯಂ ಗೋಡೆಗೇರಿದ ಮೇಲೆ ಬಂದ ಹಣದ ವಿಷಯವೂ ಇದಕ್ಕೆ ಅಂಟಿಕೊಂಡಿದೆ. 1990ರ ದಶಕದ ಕೊನೆಯಿಂದ ಕೌದಿಗಳನ್ನು ಕೊಂಡು ಜಗತ್ತಿಗೆ ತೋರಿಸಿದ ಸಂಗ್ರಾಹಕರ ಮೇಲೆ 2007ರಲ್ಲಿ ಕೆಲವು ಹೊಲಿಗೆಗಾರ್ತಿಯರು ತಮಗೆ ಸಲ್ಲಬೇಕಾದದ್ದು ಸಂದಿಲ್ಲ ಎಂದು ದಾವೆ ಹೂಡಿದರು; ಮರುವರ್ಷ ಅದು ರಾಜಿಯಲ್ಲಿ ಮುಗಿಯಿತು. ವಿನ್ಯಾಸ ಯಾರದು, ಅದು ಕಂಬಳಿಯ ಮೇಲೋ ಕ್ಯಾಲೆಂಡರಿನ ಮೇಲೋ ಅಚ್ಚಾದಾಗ ಹಣ ಯಾರಿಗೆ ಎಂಬ ಪ್ರಶ್ನೆ ಒಡೆತನದ ಹಳೆ ಪ್ರಶ್ನೆಯ ಇನ್ನೊಂದು ರೂಪ.

ಕ್ಯಾಮ್ಡನ್ನಿನಲ್ಲಿ 1850ರ ದಶಕದ ಕಂಬಗಳ ಕೋರ್ಟ್ ಕಟ್ಟಡವಿದೆ, ತೋಟದ ಒಡೆಯರ ಹಳೆಯ ಬಿಳಿ ಮನೆಗಳಿವೆ. ಅವುಗಳನ್ನು ಕಾಪಾಡುವವರು ಮೊದಲಿಂದಲೂ ಇದ್ದಾರೆ. ಆಚೆ ದಡದ ಪರಂಪರೆಗೆ ಲಾಂಚ್ ಮತ್ತೆ ಬರಲು 44 ವರ್ಷ ಕಾಯಬೇಕಾಯಿತು. ಆ ಕಾಯುವಿಕೆಯ ಬಗ್ಗೆ ಲಾಸ್ ಏಂಜಲಿಸ್ ಟೈಮ್ಸ್‌ನಲ್ಲಿ ಬರೆದ ಜೆ.ಆರ್. ಮೋರಿಂಗರ್ ಅವರಿಗೆ 2000ದಲ್ಲಿ ಪುಲಿಟ್ಜರ್ ಬಹುಮಾನ ಬಂತು, ಲಾಂಚ್ ಬಂದದ್ದು 2006ರಲ್ಲಿ. 2019ರಿಂದ ಅದು ವಿದ್ಯುತ್ತಿನಲ್ಲಿ ಓಡುತ್ತಿದೆ. ಈಗಿನ ಅಪಾಯ ಬೇರೆ ಕಡೆಯಿಂದಿದೆ. ಕಪ್ಪು ಮಣ್ಣಿನ ಸೀಮೆಯ ಎಷ್ಟೋ ಕುಟುಂಬಗಳಲ್ಲಿ ಹಿರಿಯರು ಉಯಿಲು ಬರೆಯದೆ ಹೋಗಿದ್ದಾರೆ. ಜಮೀನು ಪಾಲಾಗದೆ ಡೆಟ್ರಾಯಿಟಿನಲ್ಲಿ, ಷಿಕಾಗೊದಲ್ಲಿ ಇರುವ ಹತ್ತಾರು ವಾರಸುದಾರರ ಹೆಸರಿನಲ್ಲಿ ಕೂತಿದೆ. ಅಂಥ ಜಮೀನಿಗೆ ಬ್ಯಾಂಕ್ ಸಾಲ ಸಿಗುವುದಿಲ್ಲ, ಮನೆ ರಿಪೇರಿಗೆ ಸರ್ಕಾರದ ನೆರವು ಸಿಗುವುದು ಕಷ್ಟ. ಒಬ್ಬ ವಾರಸುದಾರನ ಪಾಲು ಕೊಂಡ ಹೊರಗಿನವನು ಕೋರ್ಟಿಗೆ ಹೋಗಿ ಇಡೀ ಜಮೀನನ್ನು ಹರಾಜಿಗೆ ತರಿಸಬಹುದಿತ್ತು. ಇದನ್ನು ತಡೆಯುವ ಕಾಯ್ದೆಯನ್ನು ಅಲಬಾಮಾ 2015ರಿಂದ ಜಾರಿಗೆ ತಂದಿದೆ. ಆದರೆ ಕಾಯ್ದೆಯ ಪ್ರಯೋಜನ ಸಿಗಬೇಕಾದರೆ ವಂಶವೃಕ್ಷ ಬರೆದು, ವಾರಸುದಾರರನ್ನು ಹುಡುಕಿ, ಸಹಿ ಹಾಕಿಸಿ, ಖಾತೆ ಸರಿಮಾಡಿಸುವ ವಕೀಲರು ಬೇಕು. ಕೌದಿ ಪ್ರದರ್ಶನಗಳಿಗೆ ಹಣ ಕೊಡುವ ಪ್ರತಿಷ್ಠಾನಗಳು ಆ ವಕೀಲರ ಸಂಬಳವನ್ನೂ ಸಂರಕ್ಷಣೆಯ ಖರ್ಚಿಗೇ ಬರೆದುಕೊಳ್ಳಬೇಕು. ಜೀಸ್ ಬೆಂಡಿನಲ್ಲಿ ಈಗ ಮೊದಲು ಆಗಬೇಕಾದ ಕೆಲಸ ಅದು.